ಕಾಣದ ಬೆಸುಗೆ

ಅರಕೆರೆಯ ಶಿವಪ್ರಕಾಶಾಚಾರಿ ಒಂದು ಮುರುಕನ್ನು ಕೂಡಿಸಿಕೊಟ್ಟರೆ, ಅದು ಎಲ್ಲಿ ಮುರಿದಿತ್ತು ಎಂಬುದನ್ನು ಆ ಸಾಮಾನಿನ ಒಡೆಯನೇ ಮರೆಯುತ್ತಿದ್ದ. ಬೆರಳಾಡಿಸಿದರೂ ತಾಗುತ್ತಿರಲಿಲ್ಲ, ಬಿಸಿಲಿಗೆ ಹಿಡಿದರೂ ಕಾಣುತ್ತಿರಲಿಲ್ಲ. ಅವನ ಅಪ್ಪ ಕೆಲಸ ಕಲಿಸಿದ್ದೇ ಹಾಗೆ. ಮಗ ಬೆಸೆದು ತಂದದ್ದನ್ನು ಹಿಡಿದುಕೊಂಡು ನಾಲೆಯ ಏರಿಯ ಮೇಲೆ ಬಿಸಿಲಿಗೆ ಹೋಗಿ ನಿಲ್ಲುತ್ತಿದ್ದ. ಕೂಡಿದ ಗೆರೆ ಕಣ್ಣಿಗೆ ಬಿತ್ತೋ, ಏನೂ ಮಾತಾಡದೆ ವಾಪಸ್ಸು ಕೈಗಿಟ್ಟು ಮನೆಗೆ ನಡೆದುಬಿಡುತ್ತಿದ್ದ. ಬಯ್ದಿದ್ದರೆ ಶಿವಪ್ರಕಾಶ ಇಷ್ಟು ಕಲಿಯುತ್ತಿರಲಿಲ್ಲವೇನೋ.

ನಾಲೆಗೆ ಹೊಂದಿಕೊಂಡ ಹೊಂಗೆಮರದ ಕೆಳಗೆ ಅವನ ಕುಲುಮೆ. ತಿದಿ ಹೋಗಿ ಕರೆಂಟಿನ ಬ್ಲೋವರ್ ಬಂದಿದ್ದರೂ ಇದ್ದಿಲ ವಾಸನೆ ಹಳೆಯದೇ. ಕಬ್ಬು ಕಡಿಯುವ ಕತ್ತಿ, ಕುಡುಗೋಲು, ಟ್ರಾಕ್ಟರಿನ ನೇಗಿಲ ಹಲ್ಲು, ಮಸೀದಿ ಬೀದಿಯ ಗೇಟಿನ ಕೀಲು, ಯಾವುದು ಬಂದರೂ ಅವನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಎಂಗೆ ಮುರೀತು?" ಕೂಲಿ ಎಷ್ಟು ಎಂದು ಯಾರಾದರೂ ಕೇಳಿದರೆ ಮುಖ ಆಚೆ ತಿರುಗಿಸಿ, "ಕೊಡಿ ಏನಾರ" ಎನ್ನುವುದು ಅಭ್ಯಾಸ. ಹೆಂಡತಿ ಪುಟ್ಟಲಕ್ಷ್ಮಮ್ಮ ಅದಕ್ಕಾಗಿ ಅವನನ್ನು ಬಯ್ಯುವುದನ್ನೂ ಬಿಟ್ಟು ಬಹಳ ಕಾಲವಾಗಿತ್ತು.

ಅಮಾವಾಸ್ಯೆಯ ದಿನ ಕುಲುಮೆಗೆ ಬೆಂಕಿ ಹಾಕುವಂತಿಲ್ಲ. ಅದು ಆ ಕಸುಬಿನವರೆಲ್ಲ ನಡೆಸಿಕೊಂಡು ಬಂದದ್ದು. ಅಂದು ನೆಲ ಗುಡಿಸಿ, ಸುತ್ತಿಗೆ, ಇಕ್ಕಳ, ಕಬ್ಬಿಣ ಬಡಿಯುವ ಅಡಿಗಲ್ಲುಗಳನ್ನು ತೊಳೆದು, ಕುಂಕುಮವಿಟ್ಟು ಗಂಧದ ಕಡ್ಡಿ ಹಚ್ಚುತ್ತಾರೆ. ಶಿವಪ್ರಕಾಶನ ಮನೆತನದಲ್ಲಿ ಇದರ ಜೊತೆಗೆ ಇನ್ನೊಂದು ಸೇರಿಕೊಂಡಿತ್ತು. ಆ ದಿನ ಕುಲುಮೆಯ ಸೂರಿನ ಕೆಳಗೆ ಮುರಿದದ್ದು ಯಾವುದೂ ಇರಬಾರದು. ಪೂಜೆಯ ಹೊತ್ತಿಗೆ ಎಲ್ಲವೂ ಕೂಡಿರಬೇಕು, ಇಲ್ಲವೇ ಒಡೆಯನ ಮನೆಗೆ ಹಿಂದಿರುಗಿರಬೇಕು. ಊರಿನವರಿಗೂ ಇದು ಗೊತ್ತು. ಅವಸರದ ಕೆಲಸವಿದ್ದವರು ಬೇಕೆಂದೇ ಅಮಾವಾಸ್ಯೆಯ ಹಿಂದಿನ ದಿನ ತಂದು ಮುಂದಿಡುತ್ತಿದ್ದರು. ಟ್ರಾಕ್ಟರ್ ಓಡಿಸುವ ಪಕ್ಕದ ಮನೆಯ ಲೋಕೇಶನಂತೂ, "ನಿಮ್ ದೇವ್ರು ನಮ್ ಕಡೆ ಕಣ್ ಆಚಾರ್ರೆ" ಎಂದು ನಗುತ್ತಿದ್ದ.

ಇಂಥ ಮನುಷ್ಯನ ಮಗಳು ಕೀರ್ತನ. ಶ್ರೀರಂಗಪಟ್ಟಣದ ಒಂದು ಔಷಧಿ ಅಂಗಡಿಯಲ್ಲಿ ಕೆಲಸ, ಬೆಳಿಗ್ಗೆ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆ. ಆದರೆ ಅವಳ ಮನಸ್ಸೆಲ್ಲ ರವಿಕೆ ಹೊಲಿಗೆಯ ಮೇಲೆ. ಅರಕೆರೆ ಬಸ್ ನಿಲ್ದಾಣದ ಹತ್ತಿರ ಒಂದು ಚಿಕ್ಕ ಮಳಿಗೆ ಖಾಲಿಯಾಗಿತ್ತು. ಶ್ರಾವಣಕ್ಕೆ ಬಾಗಿಲು ತೆರೆಯುವುದಾದರೆ ಕೊಡುತ್ತೇನೆ, ಇಲ್ಲದಿದ್ದರೆ ಮೊಬೈಲ್ ರಿಪೇರಿಯವನು ಕೇಳುತ್ತಿದ್ದಾನೆ ಎಂದು ಮಳಿಗೆಯವನು ಹೇಳಿಬಿಟ್ಟಿದ್ದ. ವರಮಹಾಲಕ್ಷ್ಮಿಗೆ ಮುಂಚೆ ಶುರುವಾದರೆ ವರ್ಷದ ಗಿರಾಕಿ ಒಂದೇ ತಿಂಗಳಲ್ಲಿ ಕಟ್ಟಿಕೊಳ್ಳಬಹುದು ಎಂಬುದು ಅವಳ ಎಣಿಕೆ. ಅದಕ್ಕೆ ಬೇಕಾದದ್ದು ಮನೆಯ ಹಳೆಯ ತುಳಿ ಮಷಿನ್ನಲ್ಲ, ಬೀಡಿನ, ಅಂದರೆ ಎರಕದ ಕಬ್ಬಿಣದ ಮೈಯ ದೊಡ್ಡ ಪವರ್ ಮಷಿನ್ನು. ಫೋನಿನಲ್ಲಿ ಹುಡುಕಿ, ದೂರದ ಊರಿನ ಒಂದು ಅಂಗಡಿಯಿಂದ ತರಿಸಿದಳು. ದುಡ್ಡು ಕೊಟ್ಟದ್ದು ಕ್ರೆಡಿಟ್ ಕಾರ್ಡಿನಲ್ಲಿ, ತಿಂಗಳ ಕಂತಿನ ಮೇಲೆ.

"ನೋಡ್ದೆ ಮುಟ್ದೆ ಮಷಿನ್ ತಕ್ಕೊಳದು ಎಂಗವ್ವಾ?" ಎಂದು ಶಿವಪ್ರಕಾಶ ಕೇಳಿದ್ದ.

"ಕಾರ್ಡಲ್ಲಿ ಕೊಟ್ಟಿವ್ನಿ ಕಣಪ್ಪ. ನೋಟ್ ಕೊಟ್ರೆ ಓದುದ್ದು ಓಯ್ತು. ಕಾರ್ಡಾದ್ರೆ ಮದ್ಯದಲ್ಲಿ ಬ್ಯಾಂಕ್ ನಿಂತಿರ್ತದೆ. ಕೆಟ್ ಮಾಲ್ ಕಳ್ಸುದ್ರೆ ನಾವು ಬ್ಯಾಂಕ್‌ಗೆ ಯೋಳ್ಬೋದು. ಬ್ಯಾಂಕ್ ಅವ್ರನ್ನ ಕೇಳ್ತದೆ, ನಮ್ ಮಾತು ದಿಟ ಅನ್ನುಸ್ದ್ರೆ ದುಡ್ ವಾಪಸ್ ತತ್ತದೆ."

ಶಿವಪ್ರಕಾಶ ಸ್ವಲ್ಪ ಯೋಚಿಸಿದ. "ದನದ ಯಾಪಾರದಲ್ಲಿ ಮದ್ಯಸ್ತ ನಿಂತಂಗೆ."

"ಊಂ. ಅಂಗೆ ಅನ್ಕೊ."

"ಮದ್ಯಸ್ತ ಎತ್ನ ಬಾಯ್ ಬುಡ್ಸಿ ಹಲ್ ನೋಡ್ತಾನೆ ಕಣವ್ವ. ನಿನ್ ಬ್ಯಾಂಕು ಏನ್ ನೋಡ್ತದೆ?"

"ಪುರಾವೆ ನೋಡ್ತದೆ," ಎಂದಳು ಕೀರ್ತನ. ಆ ಮಾತು ಅಂದು ಶಿವಪ್ರಕಾಶನ ಕಿವಿಯೊಳಗೆ ಹೋಯಿತೇ ಹೊರತು ತಲೆಗೆ ಇಳಿಯಲಿಲ್ಲ.

ಮಷಿನ್ನು ಬಂತು. ಕೀರ್ತನ ಡಬ್ಬ ಬಿಚ್ಚುವುದನ್ನೆಲ್ಲ ಫೋನಿನಲ್ಲಿ ವಿಡಿಯೋ ಹಿಡಿಯಲು ತಾಯಿಯ ಕೈಗೆ ಕೊಟ್ಟಿದ್ದಳು. ಪುಟ್ಟಲಕ್ಷ್ಮಮ್ಮ ಅರ್ಧ ಹೊತ್ತು ತನ್ನ ಕಾಲನ್ನೇ ಹಿಡಿದರೂ, ಥರ್ಮೋಕೋಲು ಎತ್ತಿದ ಕ್ಷಣ ಮಾತ್ರ ಸರಿಯಾಗಿ ಬಿದ್ದಿತ್ತು. ಸೂಜಿ ಇಳಿಯುವ ಜಾಗದ ಪಕ್ಕದಲ್ಲಿ, ಮಷಿನ್ನಿನ ಪೀಠ ಅಡ್ಡಡ್ಡ ಸೀಳಿಹೋಗಿತ್ತು. ಒಂದು ಮೂಲೆ ಕಿತ್ತು ಕೈಗೇ ಬಂತು. ಅಂಗಡಿಯವರನ್ನು ಕೇಳಿದರೆ, ಸಾಗಣೆಯವರದು ತಪ್ಪು ಎಂದರು. ಆಮೇಲೆ ಫೋನೇ ಎತ್ತಲಿಲ್ಲ. ಕೀರ್ತನ ಅವರಿಗೆ ಬರೆದದ್ದು, ಅವರು ಉತ್ತರಿಸಿದ್ದು, ವಿಡಿಯೋ ಎಲ್ಲವನ್ನೂ ಸೇರಿಸಿ ಬ್ಯಾಂಕಿಗೆ ದೂರು ಕೊಟ್ಟಳು. ಬ್ಯಾಂಕಿನಿಂದ ಉತ್ತರ ಬಂತು: ವಿಚಾರಣೆ ಮುಗಿಯುವವರೆಗೆ ಸಾಮಾನು ಬಂದ ಸ್ಥಿತಿಯಲ್ಲೇ ಇರಲಿ, ಅಂಗಡಿಯವರ ಕಡೆಯಿಂದ ಯಾರಾದರೂ ನೋಡಲು ಬರಬಹುದು.

ಮನೆಯಲ್ಲಿ ಜಾಗವಿರಲಿಲ್ಲ. ಮಷಿನ್ನನ್ನು ಕುಲುಮೆಯ ಮೂಲೆಯಲ್ಲಿಟ್ಟು, ಮೇಲೆ ಹಳೆಯ ಸೀರೆ ಹೊದಿಸಿ, ಕೀರ್ತನ ಅಪ್ಪನ ಮುಖ ನೋಡಿ ಹೇಳಿದಳು. "ಅಪ್ಪ, ಮುಟ್ಬ್ಯಾಡ."

"ನಾ ಯಾಕ್ ಮುಟ್ಲಿ?" ಎಂದ ಶಿವಪ್ರಕಾಶ. ಹಾಗೆ ಹೇಳುವಾಗ ಅವನು ನಿಜವನ್ನೇ ಹೇಳುತ್ತಿದ್ದ.

ಆಮೇಲೆ ಕೀರ್ತನ ಕೆ.ಆರ್. ಪೇಟೆ ಕಡೆಯ ಶೀಳನೆರೆಗೆ, ಸೋದರತ್ತೆಯ ಮಗಳು ದೀಪಶ್ರೀಯ ಸೀಮಂತಕ್ಕೆ ಹೋದಳು. ಅಮಾವಾಸ್ಯೆ ಹತ್ತಿರ ಬಂತು.

ಸೀರೆಯ ಕೆಳಗಿನ ಆ ಮುರುಕು ಶಿವಪ್ರಕಾಶನನ್ನು ಕುಲುಮೆಯಲ್ಲಿ ಕೂರಲು ಬಿಡಲಿಲ್ಲ. ಕತ್ತಿ ಹದ ಮಾಡುತ್ತಿದ್ದರೂ ಕಣ್ಣು ಮೂಲೆಗೆ. ಊಟ ಮಾಡುವಾಗ ಸೀಳು ಹೋದ ದಾರಿಯನ್ನು ಅನ್ನದ ಮೇಲೆ ಬೆರಳಲ್ಲಿ ಎಳೆಯುತ್ತಿದ್ದ. ಪುಟ್ಟಲಕ್ಷ್ಮಮ್ಮನಿಗೆ ಗಂಡನ ರೋಗ ಗೊತ್ತು.

"ಮಗ ಮುಟ್ಬ್ಯಾಡ ಅಂದವ್ಳೆ."

"ಮುಟ್ಟಾಕಿಲ್ಲ ಕಣೆ. ಎಂಗ್ ಮುರ್ದದೆ ಅಂತ ನೋಡ್ತೀನಿ."

"ನಿಮ್ ನೋಡೋದು ನಂಗೊತ್ತಿಲ್ವಾ? ನನ್ ತವರ್ನೋರ ಗಡಿಯಾರನೂ ಇಂಗೇ ನೋಡಿದ್ರಿ."

"ಅದು ಓಡ್ತಾ ಇಲ್ವಾ ಈಗ್ಲೂವೆ?"

"ಓಡ್ತದೆ. ನಮ್ಮಪ್ಪ ಅದ್ನ ವಾಪಸ್ ಕೇಳ್ದಾಗ ಇದು ನಮ್ದಲ್ಲ, ಹೊಸದು ಅಂತ ಜಗಳ ತಗುದ್ನಲ್ಲ, ಅದ್ನೂ ಯೋಳಿ!"

ಮಷಿನ್ನನ್ನು ಕುಲುಮೆಯಿಂದ ಹೊರಗೆ ಸಾಗಿಸಿಬಿಡೋಣವೆಂದು ಶಿವಪ್ರಕಾಶ ಯೋಚಿಸಿದ್ದುಂಟು. ಆದರೆ ಹೊರಗೆ ಮಳೆ ಹಿಡಿದಿತ್ತು. ಮನೆಯೊಳಕ್ಕೆ ಅಷ್ಟು ಭಾರವನ್ನು ಒಬ್ಬನೇ ಹೊತ್ತೊಯ್ಯಲಾರ, ಲೋಕೇಶ ಪಾಲಹಳ್ಳಿಯ ಕಡೆ ಉಳುಮೆಗೆ ಹೋಗಿದ್ದ. ಇವೆಲ್ಲ ನಿಜವೇ. ಆದರೆ ಇವುಗಳಿಗಿಂತ ನಿಜವಾದದ್ದು ಇನ್ನೊಂದಿತ್ತು. ಬೀಡನ್ನು ಬೆಸೆಯುವುದು ಈಗ ಆ ಸೀಮೆಯಲ್ಲಿ ಹೆಚ್ಚು ಜನಕ್ಕೆ ಬಾರದ ಕೆಲಸ. ಉಕ್ಕು ಬಾಗುತ್ತದೆ, ಮಾತು ಕೇಳುತ್ತದೆ. ಬೀಡು ಹಾಗಲ್ಲ, ಕಾವು ಒಂದಿಷ್ಟು ಏರುಪೇರಾದರೆ ಇನ್ನೊಂದು ಕಡೆ ಸೀಳಿಕೊಳ್ಳುತ್ತದೆ. ಅಪ್ಪ ಅದನ್ನು ಹೇಳಿಕೊಟ್ಟಿದ್ದ. ಕೈಗೆ ಅಂಥ ಕೆಲಸ ಬಂದು ವರ್ಷಗಳಾಗಿದ್ದವು. ಈಗ ಮಗಳ ಸಾಮಾನಿನಲ್ಲೇ ಬಂದಿತ್ತು.

ಅಮಾವಾಸ್ಯೆಯ ಹಿಂದಿನ ಬೆಳಿಗ್ಗೆ ಅವನು ಸೀರೆ ಎತ್ತಿದ. ಮೋಟರು, ಸೂಜಿ, ಬಟ್ಟೆ ಎಳೆಯುವ ಹಲ್ಲು, ಒಂದೊಂದನ್ನೂ ಬಿಚ್ಚಿ ಗೋಣಿಯ ಮೇಲೆ ಸಾಲಾಗಿ ಜೋಡಿಸಿದ. ಪೀಠವನ್ನು ಇದ್ದಿಲ ಮೇಲೆ ನಿಧಾನವಾಗಿ ಕಾಯಿಸಿದ. ಬೆಸುಗೆ ಹತ್ತಲು ಬಿಳಿಗಾರ ಚೆಲ್ಲಿ, ಹಿತ್ತಾಳೆಯನ್ನು ಕರಗಿಸಿ ಸೀಳಿನೊಳಕ್ಕೆ ಹರಿಯಲು ಬಿಟ್ಟ. ನೀರು ಬೇರಿಗೆ ಇಳಿಯುವ ಹಾಗೆ ಅದು ಒಳಗೊಳಗೇ ಇಳಿಯಿತು. ಆಮೇಲೆ ಇಡೀ ಪೀಠವನ್ನು ಬೂದಿಯಲ್ಲಿ ಹೂತು, ತಣಿಯುವವರೆಗೆ ಅದರ ಪಕ್ಕದಲ್ಲೇ ಕೂತ. ಅರದಿಂದ ಉಜ್ಜಿ ಸಮ ಮಾಡಿದ. ಮಷಿನ್ನಿನ ಬಣ್ಣಕ್ಕೆ ಹೊಂದುವ ಬಣ್ಣವನ್ನು ಗೇಟಿಗೆ ತಂದಿದ್ದ ಡಬ್ಬಗಳನ್ನು ಬೆರೆಸಿ ತಾನೇ ಮಾಡಿಕೊಂಡು ಬಳಿದ. ಸಂಜೆ ಮಳೆ ನಿಂತು ಒಂದಿಷ್ಟು ಬಿಸಿಲು ಬಿದ್ದಾಗ ಪೀಠವನ್ನು ನಾಲೆಯ ಏರಿಗೆ ಹೊತ್ತೊಯ್ದು ಹಿಡಿದು ನೋಡಿದ. ಅಪ್ಪನೂ ಹುಡುಕಲಾರದಂಥ ಕೆಲಸ. ಆ ಏರಿಯ ಮೇಲೆ ಅವನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದ.

ಸೀಮಂತ ಮುಗಿಸಿ ಕೀರ್ತನ ಬಂದಾಗ ಅವನು ಅವಳನ್ನು ಕುಲುಮೆಗೆ ಕರೆದ. ಮತ್ತೆ ಜೋಡಿಸಿಟ್ಟಿದ್ದ ಮಷಿನ್ನಿನ ಮುಂದೆ ಸ್ಟೂಲು ಹಾಕಿ, ಒಂದು ಚೂರು ಬಟ್ಟೆ ಇಟ್ಟು, ಪಕ್ಕಕ್ಕೆ ಸರಿದ. ಅವಳು ಸ್ವಿಚ್ಚು ಹಾಕಿದಳು. ಹೊಲಿಗೆ ಜೇನುಹುಳದ ಸದ್ದಿನಲ್ಲಿ ನೆಟ್ಟಗೆ ಓಡಿತು. ಅವಳು ಬಗ್ಗಿ ಪೀಠವನ್ನು ನೋಡಿದಳು, ಬೆರಳಾಡಿಸಿದಳು, ಫೋನಿನ ಬೆಳಕು ಹಾಕಿ ನೋಡಿದಳು.

"ಎಲ್ಲಪ್ಪಾ ಅದು?"

"ಇಲ್ಲ," ಎಂದ ಶಿವಪ್ರಕಾಶ. ಅವನ ಮುಖದಲ್ಲಿದ್ದ ಬೆಳಕನ್ನು ಕಂಡು ಕೀರ್ತನಳಿಗೆ ತಕ್ಷಣ ಸಿಟ್ಟು ಬರಲಿಲ್ಲ. ಬಂದದ್ದು ಅಳು.

"ಅದು ಮುರ್ದಿದ್ದೇ ನನ್ ಸಾಕ್ಷಿ ಕಣಪ್ಪ. ಬೆಳಿಗ್ಗೆ ತಾನೆ ಮೆಸೇಜ್ ಕಳ್ಸವ್ರೆ, ನೋಡೋಕೆ ಮೈಸೂರಿಂದ ಒಬ್ರು ಬತ್ತಾರೆ ಅಂತ. ಬಂದು ಏನ್ ನೋಡ್ತಾರೆ? ಚೆನ್ನಾಗೇ ಅದಲ್ಲಮ್ಮ, ಸುಳ್ ದೂರು ಅಂತಾರೆ."

"ಓಡ್ತಾ ಅದಲ್ಲವ್ವ..."

"ಓಡ್ತದೆ. ನಾಳೆ ಒಳಗೆ ಇನ್ನೇನೋ ಕೆಟ್ರೆ? ಗ್ಯಾರಂಟಿ ಓಯ್ತು. ಹೊಸದುಕ್ಕೆ ಕೊಡೋ ಕಂತ್ನ ಮುರುದ್ ಮಷಿನ್‌ಗೆ ತಿಂಗ್‌ತಿಂಗ್ಳೂ ನಾನ್ ಕಟ್ಬೇಕು. ಮುಟ್ಬ್ಯಾಡ ಅಂದಿದ್ನಲ್ಲಪ್ಪ."

ಶಿವಪ್ರಕಾಶನಿಗೆ ಆಗ ಅರ್ಥವಾಯಿತು. ಮಧ್ಯಸ್ಥ ಬಾಯಿ ಬಿಡಿಸಿ ನೋಡಬೇಕಾಗಿದ್ದ ಹಲ್ಲನ್ನು ತಾನೇ ಕಟ್ಟಿಸಿಬಿಟ್ಟಿದ್ದ.

ಕತ್ತಿ ಮಸೆಸಿಕೊಳ್ಳಲು ಬಂದ ಲೋಕೇಶ ಮಾರನೆಯ ದಿನ ಇದನ್ನೆಲ್ಲ ಕೇಳಿ ತೊಡೆ ತಟ್ಟಿದ. "ಇದುಕ್ಕೆ ಇಷ್ಟ್ ಯೋಚ್ನೆನಾ? ಸುತ್ಗೆ ತಕ್ಕಳಿ, ಅದೇ ಜಾಗುಕ್ಕೆ ಒಂದ್ ಬುಡಿ. ವಿಡಿಯೋದಲ್ಲಿ ಎಂಗದೆ ಅಂಗೇ ಮುರ್ಕೊಂಡ್ ಕುಂತಿರ್ತದೆ. ಯಾವನ್ಗ್ ಗೊತ್ತಾದದು?"

ಕೀರ್ತನ ಬಾಗಿಲಲ್ಲಿ ನಿಂತಿದ್ದಳು. ಬೇಡ ಎನ್ನಲಿಲ್ಲ. ಶಿವಪ್ರಕಾಶ ಎದ್ದು ಹೋಗಿ ಸುತ್ತಿಗೆ ಎತ್ತಿಕೊಂಡ. ಮಷಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಎಡಗೈಯನ್ನು ಪೀಠದ ಮೇಲೆ ಆಡಿಸಿದ. ಅವನಿಗೆ ಮಾತ್ರ ಆ ಗೆರೆ ಗೊತ್ತಿತ್ತು. ಸುತ್ತಿಗೆಯನ್ನು ನೆಲಕ್ಕಿಟ್ಟ.

"ಇಲ್ ಮುರಿಯಾಕಿಲ್ಲ ಕಣ್ಲಾ ಲೋಕಿ. ಬೆಸ್ಗೆ ಬೀಡ್ಗಿಂತ ಗಟ್ಟಿಯಾಗ್ ನಿಂತದೆ. ಒಡುದ್ರೆ ಪಕ್ಕದಲ್ಲಿ ಸೀಳ್ತದೆ. ವಿಡಿಯೋದಲ್ಲಿರೋ ಗೆರೆನೇ ಬ್ಯಾರೆ, ಇದೇ ಬ್ಯಾರೆ ಆಯ್ತದೆ."

"ಥೂ, ಇಷ್ಟ್ ಚೆನ್ನಾಗ್ ಮಾಡೋರಾ ಯಾರಾರ?" ಎಂದ ಲೋಕೇಶ.

ಅವನು ಹೋದ ಮೇಲೆ ಕೀರ್ತನ ಹತ್ತಿರ ಬಂದು ಕೂತಳು. "ಅಪ್ಪ, ಅಲ್ಲೇ ಮುರಿಯೋ ಅಂಗಿದ್ರೆ ಒಡೀತಿದ್ಯಾ?"

ಶಿವಪ್ರಕಾಶ ಸುತ್ತಿಗೆಯನ್ನು ಅದರ ಜಾಗಕ್ಕೆ ಇಟ್ಟು ಬಂದ. "ನಿಂಗೋಸ್ಕರ ಒಡೀತಿದ್ದೆ ಕಣವ್ವ," ಎಂದ. ಮತ್ತೆ, "ಒಡ್ದಾದ್ಮೇಲೆ ಇಲ್ ಕೂತ್ಕೊಳ್ಳಕ್ಕಾಯ್ತಿತ್ತೋ ಇಲ್ವೋ ಕಾಣೆ," ಎಂದ.

ಕೀರ್ತನ ಕೆನ್ನೆ ಒರೆಸಿಕೊಂಡಳು. "ಆಗಿದ್ ಆಯ್ತು. ಇರೋದ್ನ ಇರೋ ಅಂಗೆ ಯೋಳನ. ನಾಳೆ ಬ್ಯಾಂಕ್‌ಗೆ ನೀನೂ ಬಾ."

ಶ್ರೀರಂಗಪಟ್ಟಣದ ಬ್ಯಾಂಕಿನಲ್ಲಿ ಅವರ ಮಾತು ಕೇಳಿದವಳು ಆರತಿ ಎಂಬ ಅಧಿಕಾರಿ. ದೇವಸ್ಥಾನದ ಬೀದಿಯವಳು, ಮೆಲುಮಾತಿನವಳು. ಕಾರ್ಡಿನ ದೂರುಗಳನ್ನು ತೀರ್ಮಾನಿಸುವುದು ಬೇರೆ ಊರಿನ ಕಚೇರಿ, ದಾರಿ ಹೇಳುವುದಷ್ಟೇ ತನ್ನ ಕೈಲಾಗುವುದು ಎಂದು ಮೊದಲೇ ಹೇಳಿದಳು. ಎಲ್ಲವನ್ನೂ ಕೇಳಿ, ವಿಡಿಯೋ ನೋಡಿ, ಪುಟ್ಟಲಕ್ಷ್ಮಮ್ಮನ ಕಾಲು ಬಂದಾಗ ನಗು ತಡೆದುಕೊಂಡಳು.

"ಮಷಿನ್ ನಂಬರ್ ವಿಡಿಯೋದಲ್ಲಿ ಕಾಣಿಸ್ತಿದೆ, ಅದು ಒಳ್ಳೇದಾಯ್ತು. ರಿಪೇರಿ ಆಗಿದೆ ಅನ್ನೋದನ್ನ ನೀವೇ ಮೊದಲು ಬರೆದು ತಿಳಿಸಿಬಿಡಿ. ಆಮೇಲೆ ಅವರಾಗಿ ಕಂಡುಹಿಡಿದರೆ ನಿಮ್ಮ ಬೇರೆ ಮಾತನ್ನೂ ಯಾರೂ ನಂಬಲ್ಲ. ಇನ್ನು ಪೂರ್ತಿ ಹಣ ಬರೋದು ಕಷ್ಟವೇ. ಮಷಿನ್ ನೀವೇ ಇಟ್ಟುಕೊಂಡು, ರಿಪೇರಿ ಖರ್ಚು, ಮುರಿದು ಬಂದಿದ್ದರಿಂದ ಕಡಿಮೆಯಾದ ಬೆಲೆ, ಇಷ್ಟನ್ನ ಕೇಳಿ ನೋಡಬಹುದು. ಕೊಡಲೇಬೇಕು ಅಂತ ನಾನು ಹೇಳಲಾರೆ. ಅವರೂ ಅವರ ಕಡೆಯದನ್ನ ಹೇಳ್ತಾರೆ."

"ಮುರಿದಿತ್ತು ಅಂತ ಈಗ ತೋರಿಸೋದು ಹೇಗೆ ಮೇಡಂ?" ಎಂದಳು ಕೀರ್ತನ.

ಆರತಿ ಶಿವಪ್ರಕಾಶನ ಕಡೆ ನೋಡಿದಳು. "ಮಾಡಿದವರು ಇವರೇ ಅಲ್ಲವಾ?"

ಅಪ್ಪ ಮಗಳು ಬಸ್ಸಿನಲ್ಲಿ ವಾಪಸ್ಸು ಹೊರಟರು. ನಾಲೆಯ ನೀರು ಬಸ್ಸಿನ ಜೊತೆಗೇ ಓಡಿಬರುತ್ತಿತ್ತು.

ಅಂಗಡಿಯವರು ಕಳಿಸಿದ ಮನುಷ್ಯನ ಹೆಸರು ಸಿದ್ದಾರ್ಥ. ಅವನು ಒಳ್ಳೆಯ ಕೆಲಸಗಾರ. ಚಪ್ಪಲಿ ಬಿಟ್ಟು ಕುಲುಮೆಯೊಳಗೆ ಬಂದ, ಮಷಿನ್ನಿನ ನಂಬರು ನೋಡಿಕೊಂಡ, ತಾನೇ ಕೂತು ತೆಳು ಬಟ್ಟೆ ದಪ್ಪ ಬಟ್ಟೆ ಎರಡನ್ನೂ ಹೊಲಿದ. ಕನ್ನಡಕ ಹಾಕಿಕೊಂಡು ಪೀಠವನ್ನು ಮೇಲಿಂದ ಕೆಳಗೆ ನೋಡಿದ, ಕೆಳಗಿನಿಂದಲೂ ಬಗ್ಗಿ ನೋಡಿದ. ಕೀರ್ತನ ವಿಡಿಯೋ ತೋರಿಸಿ, ಅಪ್ಪ ಬೆಸೆದದ್ದನ್ನೂ ಹೇಳಿದಳು.

"ನೀವು ಬರೆದು ಕಳಿಸಿದ್ದನ್ನ ಓದ್ದೆ ಮೇಡಂ. ವಿಡಿಯೋನೂ ಸರಿ. ಆದ್ರೆ ನಂಗೆ ಕಣ್ಣಾರೆ ಕಂಡದ್ದನ್ನ ತಾನೆ ನಾನು ಬರೀಬೇಕು? ಪೀಠ ಬದಲಾಯ್ಸಿದೀರಿ ಅಂತ ಅಂಗಡಿಯವರು ಅಂದ್ರೆ ನಾನೇನ್ ಹೇಳ್ಲಿ? ಇದ್ರಲ್ಲಿ ಬೆಸೆದ ಗುರುತೇ ಇಲ್ಲ. ಕಾರ್ಖಾನೆಯಿಂದ ಈಗ ಬಂದ ಹಾಗಿದೆ."

ಇಂಥ ಮಾತನ್ನು ಕೇಳಲೆಂದೇ ಶಿವಪ್ರಕಾಶ ಚಿಕ್ಕಂದಿನಿಂದ ದುಡಿದಿದ್ದ. ಅಪ್ಪ ಬದುಕಿದ್ದಾಗ ಒಮ್ಮೆಯೂ ಆಡಿರಲಿಲ್ಲ. ಈಗ ಮಷಿನ್ನು ಬಲ್ಲವನೊಬ್ಬ, ಅವನ ಕುಲುಮೆಯಲ್ಲೇ ಕೂತು, ಮಗಳ ಎದುರಿಗೇ ಆಡಿದ. ಶಿವಪ್ರಕಾಶನಿಗೆ ಆ ಮಾತನ್ನು ಸ್ವಲ್ಪ ಹೊತ್ತು ಹಾಗೇ ಇರಗೊಡಬೇಕೆನ್ನಿಸಿತು. ಕೀರ್ತನ ಅಪ್ಪನ ಕಡೆ ನೋಡುತ್ತಿದ್ದಳು. ಬೇಡುವ ನೋಟವಲ್ಲ ಅದು. ಇವನೇನು ಮಾಡುತ್ತಾನೋ ಎಂದು ಕಾಯುವ ನೋಟ.

ಅವನು ಎದ್ದು, ಅರಗಳ ನಡುವಿನಿಂದ ಒಂದು ಚೂಪು ಕೆರೆಯುವ ಉಳಿಯನ್ನು ಆರಿಸಿ ತಂದ. ಮಷಿನ್ನಿನ ಮುಂದೆ ಕೂತು, ತಾನೇ ಬೆರೆಸಿ ಬಳಿದಿದ್ದ ಬಣ್ಣದ ಮೇಲೆ ಉಳಿಯ ಮೂತಿ ಇಟ್ಟ. ಕೈ ಒಂದು ಗಳಿಗೆ ಮುಂದಕ್ಕೆ ಹೋಗಲಿಲ್ಲ. ಮುರುಕುಗಳನ್ನು ಮುಚ್ಚುವುದಷ್ಟನ್ನೇ ಕಲಿತ ಕೈ ಅದು. ಆಮೇಲೆ ಹೋಯಿತು. ಬಣ್ಣ ಸಿಪ್ಪೆಯಾಗಿ ಎದ್ದು ಬಂತು. ಕೆಳಗೆ ಕಪ್ಪು ಬೀಡಿನ ನಡುವೆ ಹಿತ್ತಾಳೆಯ ಹಳದಿ ಗೆರೆ, ಅಂಕುಡೊಂಕಾಗಿ, ಸೂಜಿಯ ಪಕ್ಕದಿಂದ ಮೂಲೆಯವರೆಗೆ. ಅವನು ಒಂದಿಷ್ಟೂ ಬಿಡದೆ ಕೊನೆಯವರೆಗೆ ಕೆರೆದ. ಪುಟ್ಟಲಕ್ಷ್ಮಮ್ಮ ಹೊರಗೆ ನಿಂತು ನೋಡುತ್ತಿದ್ದವಳು ಮುಖ ತಿರುಗಿಸಿಕೊಂಡಳು.

"ಈಗ ಆ ವಿಡಿಯೋ ಇಟ್ಕೊಂಡ್ ನೋಡಿ ಸಾಮಿ," ಎಂದ ಶಿವಪ್ರಕಾಶ.

ಸಿದ್ದಾರ್ಥ ಫೋನನ್ನು ಪೀಠದ ಪಕ್ಕದಲ್ಲಿ ಹಿಡಿದ. ವಿಡಿಯೋದ ಸೀಳು ಹೋದ ದಾರಿಯಲ್ಲೇ ಹಿತ್ತಾಳೆಯೂ ಹೋಗಿತ್ತು, ತಿರುವಿಗೆ ತಿರುವು. ಅವನು ಫೋಟೋ ತೆಗೆದುಕೊಂಡ. ಬರೆಯುತ್ತ, ತಲೆ ಎತ್ತದೆ, "ರಿಪೇರಿಗೆ ಎಷ್ಟಾಯ್ತು ಅಂತ ಹಾಕ್ಲಿ ಯಜಮಾನ್ರೆ?" ಎಂದ.

ಶಿವಪ್ರಕಾಶನ ಮುಖ ಅಭ್ಯಾಸದಂತೆ ಆಚೆ ತಿರುಗಿತು. "ಆಕಿ ಏನಾರ..."

"ಅಪ್ಪಾ!" ಎಂದಳು ಕೀರ್ತನ.

"ಬುಡಿ, ಈಗ್ಲಾದ್ರೂ ಬಾಯ್ ಬುಡಿ," ಎಂದಳು ಹೊರಗಿನಿಂದ ಪುಟ್ಟಲಕ್ಷ್ಮಮ್ಮ.

ಅವನು ಇದ್ದಿಲು, ಹಿತ್ತಾಳೆ, ಬಿಳಿಗಾರ, ಬಣ್ಣ ಎಂದು ಬಿಡಿಸಿ ಹೇಳಿದ. ಕೂಲಿ ಎಂದಾಗ ನಿಂತ. ಬೂದಿಯ ಪಕ್ಕದಲ್ಲಿ ಕೂತ ಆ ಮಧ್ಯಾಹ್ನಕ್ಕೆ, ಅಪ್ಪ ಕಲಿಸಿದ ಅಷ್ಟು ವರ್ಷಗಳಿಗೆ, ಮುಟ್ಟಬೇಡವೆಂದದ್ದನ್ನು ಮುಟ್ಟಿದ್ದಕ್ಕೆ, ಯಾವುದಕ್ಕೆ ಏನು ಬೆಲೆ ಹಾಕುವುದು? ಕೊನೆಗೆ ಮೆಲ್ಲಗೆ ಒಂದು ಮೊತ್ತ ಹೇಳಿದ. ಹೇಳಿ, ತಾನೇ ಬೆಚ್ಚಿದ. ಸಿದ್ದಾರ್ಥ, "ಕಮ್ಮಿ ಆಯ್ತು," ಎಂದು ಹಾಗೇ ಬರೆದುಕೊಂಡ.

ಬ್ಯಾಂಕಿನ ತೀರ್ಮಾನ ಆಷಾಢದ ಕೊನೆಗೆ ಬಂತು. ಕೇಳಿದ್ದೆಲ್ಲ ಸಿಗಲಿಲ್ಲ. ರಿಪೇರಿಯ ಖರ್ಚು, ಬೆಲೆಯಲ್ಲಿ ಒಂದು ಪಾಲು ಕಾರ್ಡಿಗೆ ವಾಪಸ್ಸು ಬಂದವು. ಗ್ಯಾರಂಟಿ ಇಲ್ಲ. ಕೀರ್ತನ ಅದನ್ನು ಓದಿ, ತಕರಾರು ಮುಂದುವರಿಸಲೋ ಬೇಡವೋ ಎಂದು ಒಂದು ಸಂಜೆಯೆಲ್ಲ ಯೋಚಿಸಿ, ಮಳಿಗೆಯವನಿಗೆ ಫೋನು ಮಾಡಿ ಬರುತ್ತೇನೆ ಎಂದಳು. ಅವಳಿಗೆ ಹೊಸ ಮಷಿನ್ನು ಬೇಕಾಗಿತ್ತು. ಸಿಕ್ಕಿದ್ದು ಅದಲ್ಲ. ಆ ಬೇಸರವನ್ನು ಅವಳು ಮುಚ್ಚಿಡಲಿಲ್ಲ, ಅಪ್ಪನೂ ಅದನ್ನು ಸವರಲು ಹೋಗಲಿಲ್ಲ.

ಮಳಿಗೆಗೆ ಸಾಗಿಸುವ ಮುಂಚೆ ಅವನು ಬ್ರಷ್ಷು ಹಿಡಿದು ಬಂದು ದೂರದಲ್ಲೇ ನಿಂತ. "ಬಣ್ಣ ಬಳೀಲಾ ಕೂಸೆ?"

ಈ ಸಲ ಅವನು ಕೇಳಿದ ಎಂಬುದು ಕೀರ್ತನಳ ಗಮನಕ್ಕೆ ಬಂತು. "ಬಳಿಯಪ್ಪ," ಎಂದಳು. "ಚೆನ್ನಾಗ್ ಬಳಿ."

ಭೀಮನ ಅಮಾವಾಸ್ಯೆಯ ಹಿಂದಿನ ದಿನ ಮೇಲಿನ ಬೀದಿಯ ಬೆಟ್ಟಮ್ಮ ಸೆರಗಿನಲ್ಲಿ ಮಿಕ್ಸಿ ಅವುಚಿಕೊಂಡು ಕುಲುಮೆಗೆ ಬಂದಳು. ಅದರ ಹಿಡಿ ಮುರಿದಿತ್ತು. ಮಗ ಫೋನಿನಲ್ಲಿ ತರಿಸಿದ್ದು, ಡಬ್ಬ ಬಿಚ್ಚುವಾಗಲೇ ಹಾಗಿತ್ತಂತೆ.

"ಎಂಗ್ ಮುರೀತು?" ಎಂದ ಶಿವಪ್ರಕಾಶ ಅಭ್ಯಾಸಬಲದಿಂದ. ಕೈ ಆಗಲೇ ಹಿಡಿಯ ಕಡೆ ಹೋಗುತ್ತಿತ್ತು. ಅದನ್ನು ವಾಪಸ್ಸು ಎಳೆದುಕೊಂಡ. "ಮಗ ಎಂಗ್ ದುಡ್ ಕೊಟ್ಟ ಇದುಕ್ಕೆ? ಕಾರ್ಡಾ?"

"ಊಂ ಕಣಪ್ಪ, ಅದೇ ಉಜ್ಜಾದು."

"ಅಂಗಾರೆ ನಾ ಮುಟ್ಟಾಕಿಲ್ಲ. ಮೊದ್ಲು ನಾಕೂ ಕಡೆಯಿಂದ ಫೋಟೋ ಇಡಿಸು. ಡಬ್ಬ ಬಿಸಾಕ್ಬ್ಯಾಡ. ಅಂಗಡಿಯೋರ್ಗೆ ಬರೀಲಿ, ಆಮ್ಯಾಕೆ ಬ್ಯಾಂಕ್‌ಗೆ."

"ಅಲ್ಲೀಗಂಟ ಖಾರ ಎಲ್ ರುಬ್ಲೊ ನಾನು? ನಾಳೆ ಅಬ್ಬ ಅಲ್ವಾ!"

"ಒಳ್ಕಲ್ ಇಲ್ವಾ?"

ಬೆಟ್ಟಮ್ಮ ಅವನನ್ನೂ, ಅವನ ಮಗಳು ಕಲಿಸಿದ ಬುದ್ಧಿಯನ್ನೂ ಬಯ್ಯುತ್ತ, ಮಗ ಸಂಜೆ ಬಂದು ಫೋಟೋ ಹಿಡಿಯುತ್ತಾನೆಂದು ಮಿಕ್ಸಿಯನ್ನು ಅಲ್ಲೇ ಇಟ್ಟು ಹೋದಳು. ಮಗ ಬಂದು ಫೋಟೋ ಹಿಡಿದ, ಮಿಕ್ಸಿಯನ್ನು ಒಯ್ಯುವುದನ್ನು ಮರೆತ.

ಮಾರನೆಯ ಬೆಳಿಗ್ಗೆ ಕುಲುಮೆ ತಣ್ಣಗಿತ್ತು. ಶಿವಪ್ರಕಾಶ ನೆಲ ಗುಡಿಸಿ, ಸುತ್ತಿಗೆ ಇಕ್ಕಳಗಳನ್ನು ತೊಳೆದು ಅಡಿಗಲ್ಲಿನ ಮುಂದೆ ಜೋಡಿಸಿದ. ಮುರಿದ ಹಿಡಿಯ ಮಿಕ್ಸಿ ಮೂಲೆಯಲ್ಲಿ ಕೂತಿತ್ತು. ಅದನ್ನೊಮ್ಮೆ ನೋಡಿದ. ಸೂರಿನಾಚೆ ಇಡಲೆಂದು ಎತ್ತಿಕೊಂಡು ಬಾಗಿಲವರೆಗೆ ಹೋದ. ಆಚೆ ಮಳೆ ಹನಿಯುತ್ತಿತ್ತು. ಒಂದು ಕ್ಷಣ ನಿಂತು, ತಿರುಗಿ ಬಂದು, ಅದನ್ನು ಸುತ್ತಿಗೆಗಳ ಸಾಲಿನಲ್ಲೇ ಇಟ್ಟ. ಕುಂಕುಮದ ಬಟ್ಟಲು ಹಿಡಿದು ಸಾಲಾಗಿ ಬೊಟ್ಟು ಇಡುತ್ತ ಬಂದವನು, ಮಿಕ್ಸಿಯ ಹತ್ತಿರ ಬಂದಾಗ, ಮುರಿದ ಜಾಗಕ್ಕೆ ತಾಗದ ಹಾಗೆ, ಅದರ ಪಕ್ಕದಲ್ಲಿ ಒಂದು ಬೊಟ್ಟು ಇಟ್ಟ.